ಸ್ಕ್ಯಾನ್ ಸರಿಯಾಗಿದೆ, ಮನುಷ್ಯ ಇನ್ನೂ ಸರಿಯಾಗಿಲ್ಲ

ಮೆದುಳಿನಲ್ಲಿ ರಕ್ತಸ್ರಾವವಾಗಿ, ಐಸಿಯು ದಾಟಿ, ಬದುಕಿ ಮನೆಗೆ ಬಂದವರಿಗೆ ಒಂದೆರಡು ತಿಂಗಳ ಮೇಲೆ ಮತ್ತೊಂದು ಸಿ.ಟಿ. ಸ್ಕ್ಯಾನ್ ಮಾಡಿಸುವುದುಂಟು. ಮೊದಲ ದಿನ ಬೆಳ್ಳಗೆ ಉಂಡೆಯಂತೆ ಕಂಡಿದ್ದ ರಕ್ತ ಅಷ್ಟರಲ್ಲಿ ಕರಗಿ, ಆ ಜಾಗದಲ್ಲಿ ಸಣ್ಣದೊಂದು ಕಪ್ಪು ಗುರುತು ಉಳಿದಿರುತ್ತದೆ. ‘ಕ್ಲಾಟ್ ಪೂರ್ತಿ ಕರಗಿದೆ’ ಎನ್ನುತ್ತಾರೆ ಡಾಕ್ಟರು. ಮನೆಯವರು ಹೊತ್ತ ಹರಕೆ ತೀರಿಸಿ ಬರುತ್ತಾರೆ. ಯಾರಿಗಾಗಿ ಹರಕೆ ಹೊತ್ತರೋ ಅವರು ಮಾತ್ರ ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಾರೆ. ತಿಂಡಿಗೆ ಕರೆದರೆ ‘ಬೇಡ’. ಫಿಸಿಯೋಥೆರಪಿಯವರು ಬಂದರೆ ‘ನಾಳೆ’. ಮೊಮ್ಮಗು ಹಾಸಿಗೆ ಹತ್ತಿದರೂ ಕಣ್ಣು ಅತ್ತ ಹೊರಳುವುದಿಲ್ಲ. ‘ಮೊದಲಿನಂಗಿಲ್ಲ, ಮಂಕಾಗ್ಬಿಟ್ಟಿದಾರೆ’ ಎಂದು ಮನೆಯವರು ಹೇಳುತ್ತಾರೆ. ನೋಡಲು ಬಂದವರು ‘ಧೈರ್ಯ ತಗೊಳ್ಳಿ, ಮನಸ್ಸು ಗಟ್ಟಿ ಮಾಡ್ಕೊಳ್ಳಿ’ ಎಂದು ಹಣ್ಣಿನ ಚೀಲ ಇಟ್ಟು ಹೋಗುತ್ತಾರೆ.

ಮಂಕು ಅನ್ನುವ ಆ ಒಂದು ಮಾತಿನ ಕೆಳಗೆ ಏಳೆಂಟು ಬೇರೆ ಬೇರೆ ತೊಂದರೆಗಳು ಅಡಗಿರಬಹುದು. ಒಂದಕ್ಕೆ ಮಾತ್ರೆ ಬೇಕು, ಇನ್ನೊಂದಕ್ಕೆ ಈಗ ನುಂಗುತ್ತಿರುವ ಮಾತ್ರೆಯನ್ನೇ ಬದಲಿಸಬೇಕು, ಮತ್ತೊಂದಕ್ಕೆ ನ್ಯೂರೋಸರ್ಜನ್ ಬೇಕು. ಧೈರ್ಯದ ಉಪದೇಶ ಯಾವುದಕ್ಕೂ ಔಷಧಿಯಲ್ಲ. ಇವುಗಳಲ್ಲಿ ದೊಡ್ಡದು ಖಿನ್ನತೆ. ಸ್ಟ್ರೋಕ್ (ಮೆದುಳಿನ ರಕ್ತನಾಳ ಕಟ್ಟಿಕೊಂಡು ಅಥವಾ ಹೀಗೆ ಒಡೆದು ಆಗುವ ಆಘಾತ) ಆದ ಮೂವರಲ್ಲಿ ಸುಮಾರು ಒಬ್ಬರಿಗೆ, ಹೆಚ್ಚಾಗಿ ಮೊದಲ ವರ್ಷದೊಳಗೆ ಬರುತ್ತದೆ. ಕೈಕಾಲು ವೇಗವಾಗಿ ಸುಧಾರಿಸುವ ಮೊದಲ ಮೂರರಿಂದ ಆರು ತಿಂಗಳು ಇರುವುದೂ ಅದೇ ವರ್ಷದಲ್ಲಿ. ಆ ತಿಂಗಳುಗಳಲ್ಲಿ ‘ನಾಳೆ’ ಎಂದು ವಾಪಸ್ ಕಳಿಸಿದ ಪ್ರತಿ ಫಿಸಿಯೋಥೆರಪಿಯೂ ನಷ್ಟವೇ. ಖಿನ್ನತೆಯನ್ನು ಬೇಗ ಗುರುತಿಸಬೇಕು ಎಂದು ಇಷ್ಟು ಒತ್ತಿ ಹೇಳುವುದು ಅದಕ್ಕೇ.

ಬಿಪಿ ಏರಿ ಒಡೆಯುವುದು ಬಹುಮಟ್ಟಿಗೆ ಮೆದುಳಿನ ಆಳದ ಸಣ್ಣ ರಕ್ತನಾಳಗಳು. ಬೇಸಲ್ ಗ್ಯಾಂಗ್ಲಿಯಾ, ಥಲಾಮಸ್, ಅದರ ಕೆಳಗೆ ಪಾನ್ಸ್, ಹಿಂದೆ ಕಿರುಮೆದುಳು, ಇವು ಅದರ ಹೆಚ್ಚಿನ ತಾಣಗಳು. ಕೈಕಾಲು ಆಡಿಸುವ ನರತಂತುಗಳು ಹಾದುಹೋಗುವುದು ಈ ಆಳದಲ್ಲೇ. ಹಣೆಭಾಗದ ಮೆದುಳಿನಿಂದ ಬಂದು, ‘ಎದ್ದು ಮಾಡೋಣ’ ಎನ್ನುವ ಹುಮ್ಮಸ್ಸು ಕೊಡುವ ಜಾಲ ಸುತ್ತಿ ಹೋಗುವುದೂ ಅಲ್ಲೇ. ಸೆರೊಟೋನಿನ್, ನಾರ್‌ಅಡ್ರಿನಲಿನ್ ಎಂಬ, ಮನಸ್ಸಿನ ಸ್ಥಿತಿಗೆ ಬೇಕಾದ ರಾಸಾಯನಿಕಗಳನ್ನು ಒಯ್ಯುವ ತಂತುಗಳು ಮೆದುಳುಕಾಂಡದಿಂದ ಹೊರಟು ಇದೇ ನೆರೆಹೊರೆಯಲ್ಲಿ ಹರಡಿಕೊಳ್ಳುತ್ತವೆ. ಅಂಥ ಇಕ್ಕಟ್ಟಿನಲ್ಲಿ 30 ಮಿಲಿಲೀಟರ್ ರಕ್ತ, ಅಂದರೆ ಎರಡು ದೊಡ್ಡ ಚಮಚದಷ್ಟು, ಹೆಪ್ಪುಗಟ್ಟಿದರೆ ಬಲಗೈಯ ಜೊತೆ ಆಸೆಯೂ ಬಿದ್ದುಹೋಗಬಹುದು. ವರ್ಷಗಟ್ಟಲೆ ಬಿಪಿ ಇದ್ದವರಲ್ಲಿ ಉಳಿದ ಸಣ್ಣ ನಾಳಗಳೂ ಮೊದಲೇ ಸವೆದಿರುತ್ತವೆ. ಇದರ ಮೇಲೆ ಕಳೆದುಕೊಂಡದ್ದರ ದುಃಖ ಬೇರೆ: ಕೆಲಸ, ಗಾಡಿ, ಒಬ್ಬರೇ ಬಚ್ಚಲಿಗೆ ಹೋಗುವ ಸ್ವಾತಂತ್ರ್ಯ. ಮೊದಲೇ ಒಮ್ಮೆ ಖಿನ್ನತೆ ಬಂದಿದ್ದವರಿಗೆ, ಸ್ಟ್ರೋಕ್ ತೀವ್ರವಾಗಿದ್ದವರಿಗೆ, ಮಾತು ಹೋದವರಿಗೆ, ಮನೆಯಲ್ಲಿ ಆಸರೆ ಕಡಿಮೆ ಇರುವವರಿಗೆ ಅಪಾಯ ಜಾಸ್ತಿ.

ಮೆದುಳಿನ ಹೊರಮೈಯ ಅನ್ಯೂರಿಸಂ (ರಕ್ತನಾಳದ ಗೋಡೆ ಉಬ್ಬಿ ಆದ ಗುಳ್ಳೆ) ಒಡೆದು ಆಗುವ ಸಬ್‌ಅರಾಕ್ನಾಯ್ಡ್ ರಕ್ತಸ್ರಾವದ ಕಥೆ ಬೇರೆ. ಇಲ್ಲಿ ಅನೇಕರಿಗೆ ಕೈಕಾಲು ಚೆನ್ನಾಗಿಯೇ ಇರುತ್ತವೆ. ಆದರೆ ನೆನಪು, ಗಮನ, ಚೈತನ್ಯ, ಮನಸ್ಸು ನಾಲ್ಕೂ ಪೆಟ್ಟು ತಿಂದಿರುತ್ತವೆ. ಪ್ರತಿ ತಲೆನೋವಿಗೂ ‘ಮತ್ತೆ ಒಡೀತೇನೋ’ ಎಂಬ ಭಯ. ‘ಓಡಾಡ್ಕೊಂಡಿದೀರಲ್ಲ, ಇನ್ನೇನ್ ಆಗ್ಬೇಕು?’ ಎನ್ನುವ ಮಾತು ಅತಿ ಹೆಚ್ಚು ಕೇಳಿಸಿಕೊಳ್ಳುವವರು ಇವರೇ.

ಈಗ ಮಂಕನ್ನು ಬಿಡಿಸಿ ನೋಡೋಣ. ಮೊದಲು ಅಳು. ಟಿವಿಯಲ್ಲಿ ಮದುವೆ ದೃಶ್ಯ ಬಂದರೆ, ಯಾರೋ ‘ಊಟ ಆಯ್ತಾ’ ಎಂದರೆ ಗಳಗಳ ಅಳುತ್ತಾರೆ. ಒಂದೆರಡು ನಿಮಿಷದಲ್ಲಿ ನಿಂತೂ ಹೋಗುತ್ತದೆ. ‘ದುಃಖ ಆಯ್ತಾ’ ಎಂದು ಕೇಳಿದರೆ ‘ಇಲ್ಲ, ಯಾಕೋ ಬಂತು’ ಎನ್ನುತ್ತಾರೆ. ಕೆಲವರಿಗೆ ನಗು ಹೀಗೆಯೇ ಬರುತ್ತದೆ, ಸಾವಿನ ಮನೆಯಲ್ಲೂ. ಇದು ಅಳು-ನಗುವಿನ ಕಡಿವಾಣ ತಪ್ಪಿದ ಸ್ಥಿತಿ. ಮನಸ್ಸು ಕುಸಿದಿದೆ ಎಂದು ಇಷ್ಟರಿಂದಲೇ ಹೇಳಲಾಗದು. ಕಣ್ಣೀರು ಬಂದಾಗ ಸುತ್ತ ಸೇರಿ ಸಂತೈಸಿದರೆ ಇನ್ನೂ ಜೋರಾಗುತ್ತದೆ. ಮಾತು ಬದಲಿಸಿ, ಒಂದು ಗುಟುಕು ನೀರು ಕೊಟ್ಟು, ಉಸಿರು ನಿಧಾನ ಮಾಡಿಸಿದರೆ ಬೇಗ ನಿಲ್ಲುತ್ತದೆ. ದಿನಕ್ಕೆ ಹಲವು ಸಲ ಬಂದು ಮುಜುಗರ ಮಾಡುತ್ತಿದ್ದರೆ ಖಿನ್ನತೆಯ ಮಾತ್ರೆಗಳೇ ಕಡಿಮೆ ಡೋಸಿನಲ್ಲಿ ಇದಕ್ಕೂ ಆಗುತ್ತವೆ.

ಇನ್ನೊಂದು, ನಿರಾಸಕ್ತಿ. ಅಳುವಿಲ್ಲ, ದುಃಖವಿಲ್ಲ, ಬೇಸರವಾಗಿದೆ ಎಂಬ ದೂರೂ ಇಲ್ಲ. ಕೂರಿಸಿದರೆ ಕೂರುತ್ತಾರೆ, ತಿನ್ನಿಸಿದರೆ ತಿನ್ನುತ್ತಾರೆ, ತಾವಾಗಿ ಏನನ್ನೂ ಶುರು ಮಾಡುವುದಿಲ್ಲ. ಖಿನ್ನತೆ ಇರುವವರು ಒಳಗೆ ನರಳುತ್ತಿರುತ್ತಾರೆ; ಇವರ ನರಳಾಟವೆಲ್ಲ ಮನೆಯವರ ಪಾಲಿಗೆ ಬಂದಿರುತ್ತದೆ. ಮಾತ್ರೆ ಇದಕ್ಕೆ ಅಷ್ಟಾಗಿ ನಾಟುವುದಿಲ್ಲ. ‘ಏನ್ ಮಾಡ್ತೀರಿ?’ ಎಂದು ಕೇಳುವ ಬದಲು ‘ಈಗ ಏಳೂವರೆ, ಹಲ್ಲುಜ್ಜೋಣ ಬನ್ನಿ’ ಎಂದು ಬ್ರಷ್ ಕೈಗಿಟ್ಟರೆ ಕೆಲಸವಾಗುತ್ತದೆ. ಮೊದಲ ತಳ್ಳು ಹೊರಗಿನಿಂದ ಬರಬೇಕು. ಖಿನ್ನತೆ, ನಿರಾಸಕ್ತಿ ಎರಡೂ ಒಟ್ಟಿಗೆ ಇರುವುದೂ ಉಂಟು.

ದಣಿವು ಬೇರೆಯೇ. ಹತ್ತು ನಿಮಿಷ ಮಾತಾಡಿದ್ದಕ್ಕೆ ಒಂದು ಗಂಟೆ ಮಲಗಬೇಕೆನಿಸುತ್ತದೆ. ಮನಸ್ಸಿರುತ್ತದೆ, ಶಕ್ತಿ ಇರುವುದಿಲ್ಲ. ಆಸ್ಪತ್ರೆಯಲ್ಲೋ ಮೊದಲ ವಾರಗಳಲ್ಲೋ ಬೆಳಿಗ್ಗೆ ಚುರುಕಾಗಿದ್ದು ಸಂಜೆಗೆ ಅರೆನಿದ್ದೆಯಲ್ಲಿ ತೊದಲುವವರಿದ್ದರೆ ಅದು ಡೆಲಿರಿಯಂ, ಅಂದರೆ ದೇಹದ ಕಾಯಿಲೆಯಿಂದ ಬರುವ ಬುದ್ಧಿಯ ಗೊಂದಲ, ಇರಬಹುದು. ಮೂತ್ರದ ಸೋಂಕು, ನ್ಯುಮೋನಿಯಾ, ಸೋಡಿಯಂ ಇಳಿತ ಹುಡುಕಬೇಕು. ಥಲಾಮಸ್‌ಗೆ ಪೆಟ್ಟಾದವರಲ್ಲಿ ಕೆಲವರಿಗೆ ಅರ್ಧ ಮೈ ಉರಿ ಶುರುವಾಗುತ್ತದೆ, ಬಟ್ಟೆ ತಾಗಿದರೂ ನೋವು. ಸೋತ ಭುಜದ ಕೀಲು ಜಾರಿ ರಾತ್ರಿಯಿಡೀ ಚುಚ್ಚುನೋವು ತಿನ್ನುವವರಿದ್ದಾರೆ. ಇಂಥ ನೋವಿನಲ್ಲಿ ನಗುಮುಖ ಎಲ್ಲಿಂದ ಬರಬೇಕು?

ತಪ್ಪಿಸಿಕೊಳ್ಳಬಾರದ ಒಂದು ಕಾರಣವಿದೆ. ರಕ್ತ ಮೆದುಳಿನ ದ್ರವದ ಕೋಣೆಗಳಿಗೆ ಇಳಿದಿದ್ದವರಲ್ಲಿ ಮತ್ತು ಸಬ್‌ಅರಾಕ್ನಾಯ್ಡ್ ರಕ್ತಸ್ರಾವದವರಲ್ಲಿ ವಾರಗಳೋ ತಿಂಗಳುಗಳೋ ಕಳೆದ ಮೇಲೆ ಆ ದ್ರವ ಹರಿಯದೆ ತುಂಬಿಕೊಳ್ಳಬಹುದು. ಹೆಸರು ಹೈಡ್ರೋಕೆಫಲಸ್. ನಡೆಯುತ್ತಿದ್ದವರ ಹೆಜ್ಜೆ ಚಿಕ್ಕದಾಗಿ, ಪಾದ ನೆಲಕ್ಕೆ ಅಂಟಿದಂತೆ ಎಳೆಯುತ್ತಾರೆ. ಮೂತ್ರ ತಡೆಯಲಾಗುವುದಿಲ್ಲ. ಮಾತು, ಯೋಚನೆ ನಿಧಾನವಾಗುತ್ತವೆ. ಮೇಲ್ನೋಟಕ್ಕೆ ಅಚ್ಚುಕಟ್ಟಾಗಿ ಖಿನ್ನತೆಯಂತೆಯೇ. ಸುಧಾರಿಸುತ್ತಿದ್ದವರು ಹಿಂದಕ್ಕೆ ಜಾರಿದರೆ ಮನೋವೈದ್ಯರಿಗಿಂತ ಮೊದಲು ಸಿ.ಟಿ. ಬೇಕು, ಷಂಟ್ (ಆ ದ್ರವವನ್ನು ಹೊರಗೆ ಹರಿಸುವ ಕೊಳವೆ) ಹಾಕಿದ ಮೇಲೆ ಚೇತರಿಸಿಕೊಂಡು ಎದ್ದು ಓಡಾಡುವವರಿದ್ದಾರೆ. ಇದ್ದಕ್ಕಿದ್ದಂತೆ ತೀವ್ರ ತಲೆನೋವು, ವಾಂತಿ, ಮಂಪರು, ಹೊಸದಾಗಿ ಕೈಕಾಲು ಸೋಲುವುದು, ಫಿಟ್ಸ್ ಆದರೆ ಆ ಕ್ಷಣವೇ ಆಸ್ಪತ್ರೆ.

ಮಾತ್ರೆಗಳ ಚೀಲವನ್ನೂ ಸುರಿದು ನೋಡಬೇಕು. ಫಿಟ್ಸ್ ಬಾರದಿರಲಿ ಎಂದು ಆಸ್ಪತ್ರೆಯಲ್ಲಿ ಶುರುಮಾಡಿದ ಲೆವೆಟಿರಾಸೆಟಮ್ ಕೆಲವರಲ್ಲಿ ಸಿಡುಕು, ಕೋಪ, ಖಿನ್ನತೆ ತರುತ್ತದೆ. ಒಮ್ಮೆಯೂ ಫಿಟ್ಸ್ ಬಾರದವರು ಅದನ್ನು ತಿಂಗಳುಗಟ್ಟಲೆ ನುಂಗುತ್ತಿರುತ್ತಾರೆ, ಯಾಕೆಂದರೆ ಡಿಸ್ಚಾರ್ಜ್ ಚೀಟಿಯಲ್ಲಿ ‘ಮುಂದುವರಿಸಿ’ ಎಂದಿತ್ತು. ‘ಇದು ಇನ್ನೂ ಬೇಕಾ?’ ಎಂದು ನ್ಯೂರಾಲಜಿಸ್ಟರನ್ನು ಕೇಳುವುದು ನಿಮ್ಮ ಹಕ್ಕು. ಆದರೆ ನೀವಾಗಿ ತಟ್ಟನೆ ನಿಲ್ಲಿಸಬೇಡಿ, ಫಿಟ್ಸ್ ಬರಬಹುದು. ನಿದ್ದೆಗೆಂದು ಕೊಟ್ಟ ಅಲ್ಪ್ರಜೋಲಮ್, ಕ್ಲೋನಜೆಪಾಮ್ ಹಗಲಿಗೂ ಮಂಪರು ಚಾಚುತ್ತವೆ, ಬೀಳಿಸುತ್ತವೆ. ಇವುಗಳನ್ನೂ ಡಾಕ್ಟರು ಹೇಳಿದಂತೆ ನಿಧಾನವಾಗಿಯೇ ಇಳಿಸಬೇಕು. ರಕ್ತಪರೀಕ್ಷೆಯಲ್ಲಿ ಥೈರಾಯ್ಡ್, ಬಿ12, ಹಿಮೊಗ್ಲೋಬಿನ್, ಸೋಡಿಯಂ ನಾಲ್ಕೂ ಇರಲಿ. ಜೋರು ಗೊರಕೆಯ ನಡುವೆ ಉಸಿರು ನಿಂತುಹೋಗುವುದನ್ನು ಕಂಡಿದ್ದರೆ ಡಾಕ್ಟರಿಗೆ ಹೇಳಿ. ಸ್ಲೀಪ್ ಅಪ್ನಿಯಾ ಬಿಪಿಯನ್ನೂ ಮನಸ್ಸನ್ನೂ ಒಟ್ಟಿಗೆ ಕೆಡಿಸುತ್ತದೆ.

ಇಷ್ಟೆಲ್ಲ ಸೋಸಿದ ಮೇಲೆ ಖಿನ್ನತೆ. ಎರಡು ವಾರ, ಬಹುತೇಕ ದಿನ, ದಿನದ ಬಹುಪಾಲು ಮನಸ್ಸು ಕುಗ್ಗಿರುವುದು ಅಥವಾ ಮೊದಲು ಇಷ್ಟವಿದ್ದದ್ದರಲ್ಲಿ ರುಚಿ ಹೋಗಿರುವುದು, ಇವೆರಡರಲ್ಲಿ ಒಂದಾದರೂ ಇರಬೇಕು. ಜೊತೆಗೆ ನಿದ್ದೆ, ಹಸಿವು, ಏಕಾಗ್ರತೆ ಕೆಡುವುದು, ‘ನಾನು ಎಲ್ಲರಿಗೂ ಭಾರ’ ಎಂಬ ಮಾತು, ಸಾವಿನ ಯೋಚನೆ. ಡಾಕ್ಟರುಗಳು ಬಳಸುವ ಪಿಎಚ್‌ಕ್ಯೂ-9 ಪಟ್ಟಿಯಲ್ಲಿ ಒಂಬತ್ತು ಪ್ರಶ್ನೆ. ಪ್ರತಿಯೊಂದಕ್ಕೆ 0ಯಿಂದ 3 ಅಂಕ, ಒಟ್ಟು 27. 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಕೂಲಂಕಷವಾಗಿ ನೋಡಬೇಕು. ಸ್ಟ್ರೋಕ್ ಆದವರಲ್ಲಿ ನಿದ್ದೆ, ದಣಿವು, ನಿಧಾನಗತಿಯ ಅಂಕಗಳು ಕಾಯಿಲೆಯಿಂದಲೇ ಏರಿರಬಹುದು. ಹಾಗಾಗಿ ಕುಗ್ಗಿದ ಮನಸ್ಸು, ಹೋದ ಆಸಕ್ತಿ, ತಪ್ಪಿತಸ್ಥ ಭಾವ, ಸಾವಿನ ಯೋಚನೆ, ಈ ನಾಲ್ಕರ ಉತ್ತರಕ್ಕೆ ಹೆಚ್ಚು ತೂಕ ಕೊಡಬೇಕು ಎನ್ನುವುದು ನನ್ನ ಅಭಿಪ್ರಾಯ.

ಪ್ರಶ್ನೆಗೆ ಉತ್ತರಿಸಲು ಮಾತೇ ಇಲ್ಲದವರು? ಸಂಜೆ ನೋಡಲು ಬಂದ ನೆಂಟರು ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಮೊದಲು ಕೇಳುವುದೇ ‘ನಾನ್ಯಾರು ಗೊತ್ತಾಯ್ತಾ? ಹೆಸರು ಹೇಳಿ ನೋಡೋಣ?’ ಎಡ ಮೆದುಳಿಗೆ ಪೆಟ್ಟಾಗಿ ಅಫೇಸಿಯಾ (ಮಾತಿನ ಶಕ್ತಿ ಕುಂದುವುದು) ಬಂದವರಿಗೆ ಎದುರಿಗಿರುವವರು ಯಾರೆಂದು ಚೆನ್ನಾಗಿ ಗೊತ್ತಿರುತ್ತದೆ, ಹೆಸರು ನಾಲಿಗೆಗೆ ಬರುವುದಿಲ್ಲ. ಬಾಯಿ ತೆರೆಯುತ್ತಾರೆ; ತಮ್ಮನ ಹೆಸರಿನ ಜಾಗದಲ್ಲಿ ‘ನೀರು’ ಎಂದು ಬರುತ್ತದೆ. ತಪ್ಪಾಯಿತೆಂದು ಅವರಿಗೇ ಕೇಳಿಸುತ್ತದೆ. ಕುರ್ಚಿಯಲ್ಲಿದ್ದವರು ಅತ್ತಿಗೆಯ ಕಡೆ ತಿರುಗಿ ‘ಅಯ್ಯೋ, ಗುರುತೇ ಸಿಗ್ತಿಲ್ವಲ್ಲ’ ಎನ್ನುತ್ತಾರೆ, ಮಲಗಿದವರ ಕಿವಿಗೆ ಬೀಳುವಂತೆ. ಹತ್ತನೇ ನೆಂಟರ ಹೊತ್ತಿಗೆ ಅವರು ಬಾಗಿಲು ಸದ್ದಾದ ಕೂಡಲೇ ಕಣ್ಣು ಮುಚ್ಚಿಕೊಳ್ಳಲು ಕಲಿತಿರುತ್ತಾರೆ. ಇದನ್ನು ತಡೆಯುವುದು ಮನೆಯವರ ಕೈಯಲ್ಲಿದೆ. ಬಂದವರಿಗೆ ಬಾಗಿಲಲ್ಲೇ ಹೇಳಿಬಿಡಿ: ಒಮ್ಮೆಗೆ ಇಬ್ಬರು, ಹತ್ತು ನಿಮಿಷ, ಪರೀಕ್ಷೆ ಬೇಡ, ‘ನಾನು ಶಿರಸಿಯಿಂದ ಬಂದ ನಿಮ್ಮ ತಮ್ಮ’ ಎಂದು ನೀವೇ ಹೇಳಿಕೊಳ್ಳಿ.

ಅವರ ಮನಸ್ಸು ತಿಳಿಯಲು ದಾರಿಗಳಿವೆ. ಹೌದು-ಇಲ್ಲ ಎಂದು ತಲೆ ಆಡಿಸಬಹುದಾದ ಪ್ರಶ್ನೆ ಕೇಳಿ, ಹತ್ತು ಸೆಕೆಂಡ್ ಕಾಯಿರಿ. ಒಂದು ಹಾಳೆಯಲ್ಲಿ ನಗುವ ಮುಖ ಮೇಲೆ, ಸಪ್ಪೆ ಮುಖ ಕೆಳಗೆ ಬರೆದು ನಡುವೆ ಗೆರೆ ಎಳೆದು ‘ಇವತ್ತು ಎಲ್ಲಿದೀರಿ?’ ಎಂದು ಬೆರಳಿಡಿಸಿ. ಗೆರೆ ಮೇಲಿಂದ ಕೆಳಕ್ಕೇ ಇರಬೇಕು. ಅಡ್ಡಕ್ಕೆ ಎಳೆದರೆ, ಒಂದು ಪಕ್ಕದ ನೋಟ ಅಥವಾ ಗಮನ ಕಳೆದುಕೊಂಡವರಿಗೆ ಅರ್ಧ ಗೆರೆ ಕಾಣುವುದೇ ಇಲ್ಲ. ಮಾತಿಲ್ಲದವರಿಗೆಂದೇ ಮನೆಯವರು ತುಂಬಿಸುವ ಎಸ್‌ಎಡಿಕ್ಯೂ-10 ಎಂಬ ಪಟ್ಟಿಯೂ ಇದೆ. ಅಳುತ್ತಾರಾ, ಕಣ್ಣು ತಪ್ಪಿಸುತ್ತಾರಾ ಎಂಬಂಥ ಕಂಡದ್ದನ್ನು ಹೇಳುವ ಹತ್ತು ಪ್ರಶ್ನೆಗಳು. ಸ್ಪೀಚ್ ಥೆರಪಿಸ್ಟರನ್ನು ಕೇಳಿ.

ಚಿಕಿತ್ಸೆಯಲ್ಲಿ ರಕ್ತಸ್ರಾವದವರಿಗೇ ವಿಶೇಷವಾದ ತೊಡಕು ಒಂದಿದೆ. ಖಿನ್ನತೆಗೆ ಮೊದಲು ಬಳಸುವ ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆಗಳು (ಎಸ್ಸಿಟಾಲೋಪ್ರಾಮ್, ಸರ್ಟ್ರಲಿನ್, ಫ್ಲೂಆಕ್ಸೆಟಿನ್) ಪ್ಲೇಟ್‌ಲೆಟ್‌ಗಳೊಳಗಿನ ಸೆರೊಟೋನಿನ್ ಕಡಿಮೆ ಮಾಡುತ್ತವೆ. ರಕ್ತ ಹೆಪ್ಪುಗಟ್ಟಿಸಲು ಪ್ಲೇಟ್‌ಲೆಟ್‌ಗಳಿಗೆ ಅದು ಬೇಕು. ಹಾಗಾಗಿ ರಕ್ತಸ್ರಾವದ ಅಪಾಯ ತುಸು ಏರುತ್ತದೆ. ಹಾಗೆಂದು ಚಿಕಿತ್ಸೆಯನ್ನೇ ಬಿಡುವುದು ತಪ್ಪು ಲೆಕ್ಕ. ಊಟ ಬಿಟ್ಟು, ಬಿಪಿ ಮಾತ್ರೆ ಬಿಟ್ಟು, ಮಲಗಿದಲ್ಲೇ ಇರುವವರಿಗೆ ಖಿನ್ನತೆಯೇ ಹೆಚ್ಚು ಅಪಾಯ. ಅಮೆರಿಕದ ಹಾರ್ಟ್ ಅಸೋಸಿಯೇಷನ್ ಮತ್ತು ಸ್ಟ್ರೋಕ್ ಅಸೋಸಿಯೇಷನ್‌ಗಳ 2022ರ ಮಾರ್ಗಸೂಚಿ ಕೂಡ ಮಧ್ಯಮ ಮತ್ತು ತೀವ್ರ ಖಿನ್ನತೆಗೆ ಆಪ್ತಸಮಾಲೋಚನೆ, ಮಾತ್ರೆ ಎರಡನ್ನೂ ಕೊಡಬೇಕೆನ್ನುತ್ತದೆ. ಖಿನ್ನತೆ ಇಲ್ಲದವರಿಗೆ ‘ಕೈಕಾಲು ಬೇಗ ಬರಲಿ’ ಎಂದು ಮುಂಚಿತವಾಗಿ ಕೊಡುವುದರಿಂದ ಲಾಭವಿಲ್ಲ. ಬ್ರಿಟನ್ನಿನಲ್ಲಿ 3,000ಕ್ಕೂ ಹೆಚ್ಚು ಸ್ಟ್ರೋಕ್ ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಫೋಕಸ್ ಅಧ್ಯಯನದಲ್ಲಿ ಆರು ತಿಂಗಳು 20 ಮಿ.ಗ್ರಾಂ ಫ್ಲೂಆಕ್ಸೆಟಿನ್ ಕೊಟ್ಟರೂ ಕೈಕಾಲಿನ ಚೇತರಿಕೆ ಹೆಚ್ಚಲಿಲ್ಲ. ಖಿನ್ನತೆ ಕಡಿಮೆಯಾಯಿತು, ಮೂಳೆ ಮುರಿತ ಹೆಚ್ಚಾಯಿತು.

ಆದ್ದರಿಂದ ಮಾತ್ರೆ ಶುರುವಾದಾಗ ಮೂರು ಕಡೆ ಕಣ್ಣಿಡಬೇಕು. ಬಿಪಿ ಹಿಡಿತದಲ್ಲಿರಬೇಕು, 130/80ರ ಒಳಗೆ ತರುವುದು ಗುರಿ. ಭುಜನೋವಿಗೆ ಮೆಡಿಕಲ್ ಶಾಪಿನಿಂದ ಡೈಕ್ಲೊಫೆನಾಕ್, ಐಬುಪ್ರೊಫೆನ್ ತಂದು ನುಂಗಿಸಬಾರದು. ಎಸ್‌ಎಸ್‌ಆರ್‌ಐ ಜೊತೆ ಸೇರಿದರೆ ರಕ್ತಸ್ರಾವದ ಅಪಾಯ ಇನ್ನೂ ಏರುತ್ತದೆ, ಬಿಪಿಯೂ ಏರುತ್ತದೆ. ಪ್ಯಾರಾಸಿಟಮಾಲ್ ಸಾಕೇ ಎಂದು ಮೊದಲು ಕೇಳಿ. ಇನ್ನು ಸೋಡಿಯಂ. ವಯಸ್ಸಾದವರಲ್ಲಿ ಈ ಮಾತ್ರೆಗಳು ಸೋಡಿಯಂ ಇಳಿಸಬಲ್ಲವು, ಬಿಪಿಗೆ ಹೈಡ್ರೋಕ್ಲೋರೋಥಯಜೈಡ್ ಅಥವಾ ಕ್ಲೋರ್‌ಥಾಲಿಡೋನ್ ಸೇರಿದ ಮಾತ್ರೆ ಇದ್ದರೆ ಇನ್ನೂ ಬೇಗ. ಶುರುಮಾಡಿದ ಎರಡು ವಾರದ ಹೊತ್ತಿಗೆ ಒಮ್ಮೆ ಸೋಡಿಯಂ ನೋಡಿಸದಿದ್ದರೆ, ಅದು ಇಳಿದು ಬರುವ ಮಂಪರನ್ನು ‘ಖಿನ್ನತೆ ಜಾಸ್ತಿಯಾಯ್ತು’ ಎಂದುಕೊಂಡು ಡೋಸ್ ಏರಿಸುವ ಎಡವಟ್ಟು ಆಗುತ್ತದೆ.

ಸಾಮಾನ್ಯವಾಗಿ ಎಸ್ಸಿಟಾಲೋಪ್ರಾಮ್ 5 ಮಿ.ಗ್ರಾಂ, ಸರ್ಟ್ರಲಿನ್ 25 ಮಿ.ಗ್ರಾಂ ಇಂಥ ಸಣ್ಣ ಡೋಸಿನಿಂದ ಆರಂಭಿಸಿ ಏರಿಸುತ್ತಾರೆ. ಹಸಿವೂ ನಿದ್ದೆಯೂ ಹೋದವರಿಗೆ ಮಿರ್ಟಾಜಪಿನ್ ರಾತ್ರಿ ಕೊಡುವುದುಂಟು. ಬ್ಯುಪ್ರೋಪಿಯಾನ್ ಫಿಟ್ಸ್ ಸಾಧ್ಯತೆ ಹೆಚ್ಚಿಸುತ್ತದೆ, ವೆನ್ಲಾಫಾಕ್ಸಿನ್ ಹೆಚ್ಚಿನ ಡೋಸಿನಲ್ಲಿ ಬಿಪಿ ಏರಿಸುತ್ತದೆ. ಹಾಗಾಗಿ ಮನೋವೈದ್ಯರಿಗೆ ‘ಬ್ಲಾಕ್ ಆದ ಸ್ಟ್ರೋಕ್ ಅಲ್ಲ, ಬ್ಲೀಡ್ ಆದದ್ದು’ ಎಂದು ಬಾಯಿಬಿಟ್ಟು ಹೇಳಿ, ಡಿಸ್ಚಾರ್ಜ್ ಚೀಟಿ ತೋರಿಸಿ. ಮೊದಲ ಹತ್ತು ದಿನ ಹೊಟ್ಟೆ ತೊಳಸುವುದು, ಚಡಪಡಿಕೆ ಕಾಡುತ್ತವೆ, ಗುಣ ಕಾಣಲು ನಾಲ್ಕರಿಂದ ಆರು ವಾರ ಬೇಕು. ‘ಇದು ತಲೆ ಮಾತ್ರೆ, ಅಭ್ಯಾಸ ಆಗ್ಬಿಡುತ್ತೆ’ ಎಂದು ನಿಲ್ಲಿಸುವುದು ಸರಿಯಾಗಿ ಈ ನಡುವಿನ ವಾರಗಳಲ್ಲೇ. ಚಟವಾಗುವ ಭಯ ಅಲ್ಪ್ರಜೋಲಮ್‌ನಂಥ ನಿದ್ದೆ ಮಾತ್ರೆಗಳಿಗೆ ಸಲ್ಲುತ್ತದೆ, ಇವಕ್ಕಲ್ಲ. ಗುಣವಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಿ, ನಂತರ ವಾರಗಟ್ಟಲೆ ಇಳಿಸುತ್ತಾ ನಿಲ್ಲಿಸುತ್ತಾರೆ.

ಮಾತ್ರೆಯಿಂದ ಆಗದ್ದು ತಟ್ಟೆಯ ಮುಂದೆ ಆಗಬೇಕು. ಬಲಗೈ ಸೋತವರ ಊಟ ಗಮನಿಸಿ. ಜೀವಮಾನವಿಡೀ ಎಡಗೈಯಲ್ಲಿ ಅನ್ನ ಮುಟ್ಟದವರು ಈಗ ಎಲ್ಲರೆದುರು ಎಡಗೈಯಲ್ಲಿ ಉಣ್ಣಬೇಕು. ಅನ್ನ ಅಂಗಿಗೆ ಚೆಲ್ಲುತ್ತದೆ, ಸಾರು ಗದ್ದಕ್ಕೆ ಇಳಿಯುತ್ತದೆ, ಸೊಸೆ ಒರೆಸಲು ಬರುತ್ತಾರೆ. ಎರಡು ತುತ್ತಿಗೆ ‘ಸಾಕು’. ಮನೆಯವರ ಲೆಕ್ಕದಲ್ಲಿ ಹಸಿವಿಲ್ಲ. ಅವರ ಲೆಕ್ಕದಲ್ಲಿ ಮರ್ಯಾದೆ ಹೋಯಿತು. ಅಂಚು ಎತ್ತರವಿರುವ ತಟ್ಟೆ ತನ್ನಿ, ಅದರಡಿ ಒದ್ದೆ ಬಟ್ಟೆ ಹಾಸಿದರೆ ಜಾರುವುದಿಲ್ಲ. ಚಮಚದ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿ. ಮೊದಲ ಕೆಲವು ವಾರ ಒಬ್ಬರೇ ಜೊತೆಗೆ ಕೂತು ಉಣ್ಣಲಿ. ಇನ್ನು ಎಡಪಕ್ಕ ಸೋತವರಲ್ಲಿ ಕೆಲವರು ತಟ್ಟೆಯ ಎಡ ಅರ್ಧವನ್ನು ಮುಟ್ಟುವುದೇ ಇಲ್ಲ, ಅದು ಅವರ ಗಮನಕ್ಕೆ ಬರುವುದಿಲ್ಲ. ಅರ್ಧ ಉಳಿದ ಊಟ ಕಂಡರೆ ತಟ್ಟೆಯನ್ನು ತಿರುಗಿಸಿ ನೋಡಿ. ಉಳಿದದ್ದನ್ನೂ ಉಂಡರೆ ಹಸಿವು ಚೆನ್ನಾಗಿಯೇ ಇದೆ. ನುಂಗುವಾಗ ಕೆಮ್ಮು ಬರುವವರಿಗೆ ಮುದ್ದೆ, ತೆಳು ನೀರು ಎರಡೂ ಅಪಾಯ. ನುಂಗುವ ಪರೀಕ್ಷೆಯಾಗುವವರೆಗೆ ಕಾಯಬೇಕು. ಮುದ್ದೆ ಬಿಡಿಸಿದ ದುಃಖ ಸಣ್ಣದಲ್ಲ, ಯಾವಾಗ ಮತ್ತೆ ಕೊಡಬಹುದೆಂದು ಥೆರಪಿಸ್ಟರನ್ನು ಅವರೆದುರೇ ಕೇಳಿ.

ಬ್ಯಾಂಕಿನ ವಿಷಯವೂ ಹೀಗೇ. ಸಹಿ ಹೊಂದದೆ ಹೆಬ್ಬೆಟ್ಟು ಒತ್ತುವ ದಿನ ಓದಿದವರು ಕುಸಿಯುತ್ತಾರೆ. ಅಶಕ್ತರ ಹೆಬ್ಬೆಟ್ಟನ್ನು ಬ್ಯಾಂಕಿನ ಒಬ್ಬ ಅಧಿಕಾರಿ ಸೇರಿ ಇಬ್ಬರು ಸಾಕ್ಷಿಗಳೊಂದಿಗೆ ಒಪ್ಪುವ ನಿಯಮವಿದೆ, ಅಗತ್ಯಕ್ಕೆ ಅದು ಇರಲಿ. ಜೊತೆಗೆ ಎಡಗೈಯಲ್ಲಿ ದಿನಕ್ಕೆ ಹತ್ತು ಸಲ ಸಹಿ ಬರೆಸಿ ಹೊಸ ಮಾದರಿ ಸಹಿ ಕೊಡಿಸಲು ಬ್ಯಾಂಕಿನವರನ್ನು ಕೇಳಿ.

ದಿನಕ್ಕೆ ಒಂದಾದರೂ ನಿಜವಾದ ಕೆಲಸ ಅವರದಾಗಿರಲಿ. ಹಾಲಿನ ಲೆಕ್ಕ, ಅವರೆಕಾಯಿ ಸುಲಿಯುವುದು, ಸಂಜೆ ದೀಪದ ಸ್ವಿಚ್ಚು. ಹತ್ತು ನಿಮಿಷ ಕೆಲಸ, ಆಮೇಲೆ ವಿಶ್ರಾಂತಿ. ಬೆಳಿಗ್ಗೆ ಜಗಲಿಯಲ್ಲಿ ಅರ್ಧ ಗಂಟೆ ಬಿಸಿಲು. ಕುಡಿತದ ಚಟವಿದ್ದವರು ಬೇಸರಕ್ಕೆ ಮತ್ತೆ ಬಾಟಲಿಗೆ ಮರಳದಂತೆ ಬಿಗಿಯಾಗಿರಿ. ಅದು ಬಿಪಿಗೂ ಮನಸ್ಸಿಗೂ ವಿಷ. ಗಂಡ-ಹೆಂಡತಿಯ ಸಂಬಂಧದ ಬಗ್ಗೆ ಡಾಕ್ಟರು ತಾವಾಗಿ ಹೇಳುವುದು ಅಪರೂಪ, ಸಂಕೋಚ ಬಿಟ್ಟು ನೀವೇ ಕೇಳಿ. ಮತ್ತು ರಾತ್ರಿಯೆಲ್ಲ ಎದ್ದು ಮಗ್ಗುಲು ಬದಲಿಸುವ ಹೆಂಡತಿಗೋ ಮಗಳಿಗೋ ವಾರಕ್ಕೆ ಎರಡು ರಾತ್ರಿಯಾದರೂ ಬೇರೆಯವರು ಕೈಕೊಡಬೇಕು. ನೋಡಿಕೊಳ್ಳುವವರಲ್ಲಿ ಖಿನ್ನತೆ ಬಹಳ.

‘ನಾನಿದ್ದು ಏನು ಪ್ರಯೋಜನ’ ಎಂದರೆ ‘ಹಂಗೆಲ್ಲ ಮಾತಾಡ್ಬಾರ್ದು’ ಎಂದು ಬಾಯಿ ಮುಚ್ಚಿಸಬೇಡಿ. ‘ಸಾಯ್ಬೇಕು ಅನ್ಸುತ್ತಾ?’ ಎಂದು ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಒಬ್ಬರನ್ನೇ ಬಿಡಬೇಡಿ, ತೋಟದ ಕೀಟನಾಶಕ, ಮಾತ್ರೆಗಳ ದಾಸ್ತಾನು ಬೀಗದೊಳಗಿರಲಿ, ಅಂದೇ ವೈದ್ಯರನ್ನು ಕಾಣಿ. 14416ಕ್ಕೆ ಕರೆ ಮಾಡಿದರೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್‌ನಲ್ಲಿ ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲಿ ಮಾತಾಡುತ್ತಾರೆ. ನರರೋಗ, ಮನೋರೋಗ ಎರಡೂ ಒಂದೇ ಆವರಣದಲ್ಲಿರುವುದು ಬೆಂಗಳೂರಿನ ನಿಮ್ಹಾನ್ಸ್‌ನ ಅನುಕೂಲ. ಅಷ್ಟು ದೂರ ಆಗದವರಿಗೆ ಜಿಲ್ಲಾಸ್ಪತ್ರೆಯ ಮನೋವೈದ್ಯರಿದ್ದಾರೆ, ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಇದೆ. ಹೋಗುವಾಗ ಎರಡು ವಾರದ ಟಿಪ್ಪಣಿ ಕೈಯಲ್ಲಿರಲಿ: ಎಷ್ಟು ಗಂಟೆ ನಿದ್ದೆ, ಎಷ್ಟು ಊಟ, ಎಷ್ಟು ಸಲ ಅಳು, ದಿನದ ಬಿಪಿ, ಎಲ್ಲ ಮಾತ್ರೆಗಳ ಸ್ಟ್ರಿಪ್.

ಗುಣವಾಗುತ್ತಿರುವುದು ನಗುವಿನಲ್ಲಿ ಮೊದಲು ಕಾಣುವುದಿಲ್ಲ. ಐದನೇ ವಾರದ ಹೊತ್ತಿಗೆ ಗಡ್ಡ ಬೋಳಿಸಲು ಕನ್ನಡಿ ಕೇಳಬಹುದು. ಫ್ಯಾನ್ ಸದ್ದು ಮಾಡುತ್ತಿದೆ ಎಂದು ಸಿಡುಕಬಹುದು. ಊಟಕ್ಕೆ ಕೂತು ‘ಸಾರಿಗೆ ಉಪ್ಪೇ ಇಲ್ಲ’ ಎಂದು ಮುಖ ಗಂಟಿಕ್ಕಬಹುದು. ಆ ದೂರು ಕೇಳಿ ಬೇಜಾರಾಗಬೇಡಿ, ರುಚಿ ವಾಪಸ್ ಬರುತ್ತಿದೆ. ಉಪ್ಪನ್ನು ಮಾತ್ರ ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚದೊಳಗೇ ಇಟ್ಟು, ಅರ್ಧ ಹೋಳು ನಿಂಬೆಹಣ್ಣು ಹಿಂಡಿ ಬಡಿಸಿ.